ಗೆಲಾಮಾ ಕೊಟ್ಟ ಉತ್ತರ

ಜುಸೋನ ಬಲಗಿವಿ ಮುಚ್ಚಿಹೋದದ್ದು ಒಂದು ಕೋಳಿಪುಕ್ಕದಿಂದ. ಪುಕ್ಕ ಹಿಡಿದಿದ್ದವಳು ಅವನ ಹೆಂಡತಿ ಮೂನಾ. ಅವಳ ಉದ್ದೇಶ ಒಳ್ಳೆಯದೇ ಇತ್ತು. ನಮ್ಮ ಪಾಸಿರ್ ಲಾಬುವಿನಲ್ಲಿ ಯಾರ ಉದ್ದೇಶವೂ ಇದುವರೆಗೆ ಕೆಟ್ಟದ್ದಾಗಿರಲಿಲ್ಲ. ಆಗುವ ಅನಾಹುತಗಳೆಲ್ಲ ಒಳ್ಳೆಯ ಉದ್ದೇಶದಿಂದಲೇ ಆಗುತ್ತವೆ.

ಬೆಳಗಿನ ನಮಾಜು ಮುಗಿಸಿ ಬಂದ ಗಂಡನನ್ನು ಅವಳು ಮೆಟ್ಟಿಲ ಮೇಲೆ ಕೂರಿಸಿ, ಅವನ ತಲೆಯನ್ನು ತನ್ನ ತೊಡೆಯ ಮೇಲೆ ಒತ್ತಿ ಹಿಡಿದು, ಹುಂಜದ ಪುಕ್ಕವನ್ನು ಸೋಪಿನ ನೀರಿನಲ್ಲಿ ಅದ್ದಿ ಕಿವಿಯೊಳಗೆ ತಿರುಗಿಸಿದಳು. ಇವತ್ತು ದೊಡ್ಡ ದಿನ, ಕಿವಿ ಸ್ವಚ್ಛವಾಗಿರಲಿ ಎಂದು. ಎಡಗಿವಿ ಸಲೀಸಾಗಿ ಮುಗಿಯಿತು. ಬಲಗಿವಿಯಲ್ಲಿ ಪುಕ್ಕ ಎರಡು ಸುತ್ತು ತಿರುಗುವಷ್ಟರಲ್ಲಿ ಒಳಗೆಲ್ಲೋ ಬಾಗಿಲು ಹಾಕಿದಂತಾಯಿತು. ಪುಕ್ಕ ಕೊಟ್ಟ ಹುಂಜ ಅಂಗಳದಲ್ಲೇ ಕೂಗುತ್ತಿತ್ತು, ಆದರೆ ಯಾವ ಮೂಲೆಯಲ್ಲಿ ಕೂಗುತ್ತಿದೆ ಎಂದು ಜುಸೋಗೆ ತಿಳಿಯಲಿಲ್ಲ.

ಬೇರೆಯವರಿಗಾದರೆ ಇದು ದೊಡ್ಡ ವಿಷಯವಲ್ಲ. ಆದರೆ ಜುಸೋ ಕಿವಿಯಿಂದ ಅನ್ನ ಸಂಪಾದಿಸುವವನು. ನಮ್ಮ ಕಡೆ ದೋಣಿಗೊಬ್ಬ ಜುರು ಸೆಲಾಮ್ ಇರುತ್ತಾನೆ. ಕಡಲಲ್ಲಿ ಎಂಜಿನ್ ನಿಲ್ಲಿಸಿದ ಮೇಲೆ ಅವನು ದೋಣಿಯ ಅಂಚಿನ ಹಗ್ಗ ಹಿಡಿದು ನೀರಿಗಿಳಿದು, ತಲೆ ಮುಳುಗಿಸಿ, ಮೀನುಗಳು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತನ್ನು ಕೇಳುತ್ತಾನೆ. ಯಾವ ಮೀನು, ಎಷ್ಟಿವೆ, ಯಾವ ಕಡೆಗೆ ಹೊರಟಿವೆ ಎಂದು ಮೇಲೆ ಬಂದು ಹೇಳುತ್ತಾನೆ. ಅವನು ಕೈ ತೋರಿಸಿದ ಕಡೆಗೆ ಬಲೆ ಬೀಳುತ್ತದೆ. ಅವನ ತಲೆ ನೀರಿನಲ್ಲಿರುವಷ್ಟು ಹೊತ್ತು ದೋಣಿಯಲ್ಲಿ ಯಾರೂ ಕೆಮ್ಮುವಂತಿಲ್ಲ, ಕಾಲು ಚಾಚುವಂತಿಲ್ಲ.

ಜುಸೋಗೆ ಈ ವಿದ್ಯೆ ಬಂದದ್ದು ಹೆಂಡತಿಯ ಅಪ್ಪ ಡೆರಾಮನ್‌ನಿಂದ. ಮುದುಕ ನಲವತ್ತು ವರ್ಷ ಕಡಲಿಗೆ ಕಿವಿ ಕೊಟ್ಟವನು. ತೆಂಬಾನ್ ಮೀನಿನ ಹಿಂಡು ತಗಡಿನ ಮೇಲೆ ಹನಿ ಬಿದ್ದ ಹಾಗೆ, ಮುಳ್ಳುಮೀಸೆಯ ಮೀನು ಹಳೇ ಬಾಗಿಲು ಎಳೆದ ಹಾಗೆ, ಗೆಲಾಮಾ ಒಂದೇ ಇದ್ದರೆ ಖಾಲಿ ಕರಟವನ್ನು ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ, ಹಿಂಡಾಗಿದ್ದರೆ ಕಾದ ಎಣ್ಣೆಗೆ ಹಿಡಿಹಿಡಿಯಾಗಿ ಈರುಳ್ಳಿ ಹಾಕಿದ ಹಾಗೆ ಸದ್ದು ಮಾಡುತ್ತವೆ. ಇದಿಷ್ಟನ್ನು ಕಲಿಯಲು ಜುಸೋಗೆ ಒಂಬತ್ತು ವರ್ಷ ಹಿಡಿಯಿತು. ಅದಕ್ಕೂ ಮೊದಲು ಅವನು ಸೈಕಲ್ ರಿಪೇರಿ ಮಾಡಿ ನೋಡಿದ್ದ, ತೆಂಗಿನ ಮರ ಹತ್ತಿ ನೋಡಿದ್ದ. ಎರಡರಿಂದಲೂ ಕೆಳಗೆ ಬಿದ್ದಿದ್ದ.

ಮುದುಕ ಹೇಳಿಕೊಟ್ಟ ನಿಯಮ ಒಂದೇ. "ಮೀನಿಗೆ ಇರೋದು ಎರಡೇ ಮಾತು ಕಣೋ. 'ಇದ್ದೀಯಾ' ಅನ್ನೋದೊಂದು, 'ಇದ್ದೀನಿ' ಅನ್ನೋದೊಂದು. ಮಧ್ಯೆ ನೀನು ಬಾಯಿ ಹಾಕಬೇಡ. ನೀರೊಳಗೆ ಕಿವಿ ಬಿಟ್ಟು ಬೇರೇನೂ ತೆರೀಬೇಡ." ಯಾಕೆ ಎಂದು ಜುಸೋ ಎಷ್ಟೋ ಸಲ ಕೇಳಿದ್ದ. ಆಗೆಲ್ಲ ಮುದುಕ ತನ್ನ ಮೇಕೆಗಳಿಗೆ ಸೊಪ್ಪು ಹಾಕುವುದು ನೆನಪಾಗಿ ಎದ್ದುಹೋಗುತ್ತಿದ್ದ.

ಎರಡು ತಿಂಗಳ ಹಿಂದೆ ಮಂಡಿ ನೋವು ಹೆಚ್ಚಾಗಿ ಡೆರಾಮನ್ ನೀರಿಗಿಳಿಯುವುದನ್ನು ಬಿಟ್ಟ. ದಡದಲ್ಲಿ ಎಲ್ಲರೆದುರು ತನ್ನ ತಲೆವಸ್ತ್ರವನ್ನು ಬಿಚ್ಚಿ ಅಳಿಯನ ತಲೆಗೆ ಕಟ್ಟಿದ. ಅಂದಿನಿಂದ ಏನು ಗ್ರಹಚಾರವೋ, ಗೆಲಾಮಾ ನಮ್ಮ ಕಡೆ ತಲೆ ಹಾಕಿರಲಿಲ್ಲ. ದೋಣಿಯ ಒಡತಿ ಮಾಕ್ ಸು ಬಿದಾಳ ತಾಳ್ಮೆ ಮುಗಿಯುತ್ತ ಬಂದಿತ್ತು. ಮೀನು ಹುಡುಕುವ ಯಂತ್ರವೊಂದು ಬಂದಿದೆಯಂತೆ, ಇವತ್ತು ಮಧ್ಯಾಹ್ನ ಪಟ್ಟಣದಿಂದ ಏಜೆಂಟ್ ತಂದು ತೋರಿಸುತ್ತಾನಂತೆ. ಅವಳು ಜುಸೋನನ್ನು ಕರೆಸಿ ನೇರವಾಗಿ ಹೇಳಿದ್ದಳು: ದೋಣಿ ತುಂಬಿಸಿ ತಂದರೆ ಏಜೆಂಟ್‌ಗೆ ಕಾಫಿ ಕೊಟ್ಟು ಕಳಿಸುತ್ತೇನೆ, ಖಾಲಿ ತಂದರೆ ನಿನ್ನ ಕಿವಿಗೆ ರಜೆ. ಅವಳ ಅಕ್ಕ ಮಾಕ್ ಲೊಂಗ್ ಲಿಮಾಳೂ ತನ್ನ ದೋಣಿಯ ಜುರು ಸೆಲಾಮ್ ಲೂದಿನ್‌ಗೆ ಇದೇ ಮಾತನ್ನು ಹೇಳಿದ್ದಳು. ಒಬ್ಬಳು ಕೊಂಡದ್ದನ್ನು ಇನ್ನೊಬ್ಬಳು ಕೊಳ್ಳದೆ ಬಿಟ್ಟದ್ದನ್ನು ನಮ್ಮೂರು ಈವರೆಗೆ ಕಂಡಿಲ್ಲ.

ಇಂಥ ದಿನ ಜುಸೋನ ಒಂದು ಕಿವಿ ಬಂದ್.

"ಯಾರಿಗೂ ಹೇಳಬೇಡ," ಎಂದ ಮೂನಾಳಿಗೆ. ಕಿವಿ ಮುಚ್ಚಿದ್ದರಿಂದ ತಾನು ಎಷ್ಟು ಗಟ್ಟಿಯಾಗಿ ಹೇಳಿದೆ ಎಂಬುದು ಅವನಿಗೆ ತಿಳಿಯಲಿಲ್ಲ. ಪಕ್ಕದ ಮನೆಯ ಮಾಕ್ ಯಾ ಆಗಲೇ ಬೇಲಿಯ ಮೇಲೆ ಮುಖ ಇಟ್ಟಿದ್ದಳು.

ಮಾಕ್ ಯಾ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ತಂದು ಒಂದು ಚಮಚ ಸುರಿದಳು. ಕಿವಿ ಬಿಸಿಯಾಯಿತು, ತೆರೆಯಲಿಲ್ಲ. ಅಲ್ಲಿಂದ ಸಮುದ್ರದ ಕಡೆ ಹೊರಟರೆ, ಅವನಿಗಿಂತ ಮೊದಲೇ ಸುದ್ದಿ ಕಾಫಿ ಅಂಗಡಿ ಮುಟ್ಟಿತ್ತು. ಅಂಗಡಿಯ ಪಾಕ್ ಮುದ ಅವನನ್ನು ಬೆಂಚಿನ ಮೇಲೆ ಕೂರಿಸಿ, ಎಲೆ ಸುತ್ತಿದ ತಂಬಾಕಿನ ಹೊಗೆಯನ್ನು ಕೊಳವೆ ಮಾಡಿದ ಕಾಗದದಿಂದ ಕಿವಿಯೊಳಗೆ ಊದಿದ. ಹೊಗೆ ಒಳಗೆ ಹೋಗಲು ಜಾಗವಿಲ್ಲದೆ ಜುಸೋನ ಕಣ್ಣಿಗೆ ಬಂತು. ನಿವೃತ್ತ ಮೇಷ್ಟರು ಚಿಕ್ಗು ಹರುನ್ ಪೇಪರ್ ಕೆಳಗಿಟ್ಟು, ಇದೆಲ್ಲ ಮೂಢನಂಬಿಕೆ, ಗುರುತ್ವಾಕರ್ಷಣೆಯೊಂದೇ ದಾರಿ ಎಂದರು. ಅವರ ಆಜ್ಞೆಯಂತೆ ಜುಸೋ ತಲೆಯನ್ನು ಬಲಕ್ಕೆ ವಾಲಿಸಿ ಬಲಗಾಲಿನ ಮೇಲೆ ಇಪ್ಪತ್ತು ಸಲ ಕುಪ್ಪಳಿಸಿದ. ಎಣ್ಣೆ ಇಳಿದು ಅಂಗಿಯ ಭುಜ ನೆನೆಯಿತೇ ಹೊರತು ಬೇರೇನೂ ಆಗಲಿಲ್ಲ.

ಮಾಕ್ ಸು ಬಿದಾಳಿಗೆ ಮಾತ್ರ ಹೇಳುವುದಿಲ್ಲ ಎಂದು ಎಲ್ಲರೂ ಆಣೆ ಮಾಡಿದರು. ಆಣೆ ಮಾಡಿದವರೆಲ್ಲ ಒಟ್ಟಾಗಿ ಅವನ ಹಿಂದೆಯೇ ದಡಕ್ಕೆ ಬಂದು, ಅವಳೆದುರು ಸಾಲಾಗಿ ನಿಂತು ಆಕಾಶ ನೋಡತೊಡಗಿದರು. ಅವಳು ಜುಸೋನ ಹತ್ತಿರ ಬಂದು ಮೂಗೆಳೆದಳು.

"ಬೆಳ್ಳುಳ್ಳಿ ವಾಸನೆ ಯಾರದು?"

"ನಾಷ್ಟ ಮಾಡಿ ಬಂದೆ, ಮಾಕ್ ಸು."

"ಕಿವಿಯಿಂದ ತಿಂದ್ಯಾ?" ಎಂದು ಅವನ ಭುಜ ನೋಡಿದಳು. ಆಮೇಲೆ ದೋಣಿಯನ್ನು ನೀರಿಗೆ ತಳ್ಳಲು ಕೈಸನ್ನೆ ಮಾಡಿದಳು.

ದೋಣಿಯಲ್ಲಿ ಒಟ್ಟು ಐದು ಜನ. ಚುಕ್ಕಾಣಿ ಹಿಡಿದವನು ಸೆಮಾಯಿಲ್, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಮೊದಲ ಜಾಗದಲ್ಲಿ ಎಂಜಿನ್ ನಿಂತಿತು. ಜುಸೋ ಮಾವನ ತಲೆವಸ್ತ್ರ ಬಿಚ್ಚಿಟ್ಟು, ದೇವರ ಹೆಸರು ಹೇಳಿ ನೀರಿಗಿಳಿದ. ಎಡಗಿವಿಯಲ್ಲಿ ಹಗ್ಗದ ಕಿರುಗುಟ್ಟುವಿಕೆ ಕೇಳಿತು, ಅಲೆಯೊಂದು ದೋಣಿಯ ಹೊಟ್ಟೆಗೆ ತಟ್ಟಿದ್ದು ಕೇಳಿತು. ಬಲಗಿವಿಯಲ್ಲಿ ಅವನ ಹೃದಯ ಮಾತ್ರ ಬಡಿಯುತ್ತಿತ್ತು. ಮೇಲೆ ಬಂದು ಇಲ್ಲ ಎಂದು ತಲೆಯಾಡಿಸಿದ. ಎರಡನೆಯ ಜಾಗದಲ್ಲೂ ಇಲ್ಲ, ಮೂರನೆಯದರಲ್ಲೂ ಇಲ್ಲ. ಐದನೆಯ ಸಲ ತಲೆಯಾಡಿಸಿದಾಗ ಬಲೆಯ ಮೇಲೆ ಕೂತಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೂರ್ಯ ನೆತ್ತಿಯ ಕಡೆಗೆ ಏರುತ್ತಿದ್ದ. ದೂರದಲ್ಲಿ ಲೂದಿನ್‌ನ ಹಸಿರು ದೋಣಿಯೂ ನಿಲ್ಲುತ್ತ ಹೋಗುತ್ತ ಇದ್ದದ್ದು ಕಾಣುತ್ತಿತ್ತು. ಅಲ್ಲಿಯೂ ಯಾರೂ ಬಲೆ ಎತ್ತಿರಲಿಲ್ಲ. ಜುಸೋಗೆ ಅದೊಂದೇ ಸಮಾಧಾನ.

"ಇನ್ನೊಂದು ಜಾಗ ನೋಡೋಣ. ಆಮೇಲೆ ವಾಪಸ್," ಎಂದ ಸೆಮಾಯಿಲ್. ಅವನ ಆ ದಿನದ ಮಾತು ಅರ್ಧ ಮುಗಿದಿತ್ತು.

ಆರನೆಯ ಜಾಗ. ಜುಸೋ ತಲೆ ಮುಳುಗಿಸಿದ. ಏನೂ ಇಲ್ಲ. ಮಧ್ಯಾಹ್ನ ಬರಲಿರುವ ಏಜೆಂಟ್ ಕಣ್ಣೆದುರು ಬಂದ, ಎಲ್ಲರೆದುರು ಮಾವ ತಲೆವಸ್ತ್ರ ಕಟ್ಟಿದ್ದು ನೆನಪಾಯಿತು, ಸೈಕಲ್ ರಿಪೇರಿಯೂ ನೆನಪಾಯಿತು. ಭಯ ಅವನ ಗಂಟಲಿನವರೆಗೆ ಬಂತು. ಬಂದದ್ದು ಅಲ್ಲಿ ನಿಲ್ಲಲಿಲ್ಲ. ಬಾಯಿ ಮುಚ್ಚಿಕೊಂಡೇ, ಒಂಬತ್ತು ವರ್ಷ ಕೇಳಿ ಕೇಳಿ ಬಾಯಿಪಾಠವಾಗಿದ್ದ ಗೆಲಾಮಾದ ಸದ್ದನ್ನು ಗಂಟಲಿನಿಂದ ಹೊರಡಿಸಿದ: ಗೊರ್.

ಮಾಡಬಾರದ್ದನ್ನು ಮಾಡಿದೆ ಎಂದು ನಾಚಿಕೆಯಾಗುವುದರೊಳಗೆ ನೀರಿನ ಆಳದಿಂದೆಲ್ಲಿಂದಲೋ ತೆಳುವಾಗಿ, ಆದರೆ ಖಂಡಿತವಾಗಿ, ಕೇಳಿಬಂತು: ಗೊರ್.

ಅವನು ಮತ್ತೊಮ್ಮೆ ಗೊರ್ ಎಂದ. ಮತ್ತೊಮ್ಮೆ ಉತ್ತರ ಬಂತು. ಎರಡು ಸಲ ಕರೆದರೆ ಎರಡು ಸಲ ಬಂತು. ಮೀನು ಅವನೊಡನೆ ಮಾತನಾಡುತ್ತಿತ್ತು. ಇದ್ದೀಯಾ ಎಂದರೆ ಇದ್ದೀನಿ ಎನ್ನುತ್ತಿತ್ತು. ಮೇಲೆ ಬಂದವನ ಮುಖ ನೋಡಿಯೇ ಸೆಮಾಯಿಲ್ ಎದ್ದು ನಿಂತ.

ಈಗ ಕಷ್ಟವೆಂದರೆ ದಿಕ್ಕು. ಎರಡು ಕಿವಿಯಿದ್ದವನು ನೀರಿನಲ್ಲಿ ಮೈ ತಿರುಗಿಸುತ್ತ, ಸದ್ದು ಎರಡೂ ಕಿವಿಗೆ ಸಮವಾಗುವ ಕಡೆಗೆ ಕೈ ಚಾಚುತ್ತಾನೆ. ಜುಸೋಗೆ ಎಲ್ಲ ಕಡೆಯೂ ಎಡವೇ. ಅವನು ಬಾಯಿಗೆ ಬಂದ ಒಂದು ದಿಕ್ಕು ಹೇಳಿದ. ದೋಣಿ ಅತ್ತ ಸಾಗಿ ಎಂಜಿನ್ ನಿಲ್ಲಿಸಿದಾಗ ಮತ್ತೆ ಕರೆದ. ಉತ್ತರ ಮೊದಲಿಗಿಂತ ಜೋರಾಗಿ ಬಂತು. ಮತ್ತಷ್ಟು ಮುಂದೆ ಹೋದರು, ಇನ್ನೂ ಜೋರಾಯಿತು. ಬೇಕೆಂದೇ ಒಮ್ಮೆ ದೋಣಿಯನ್ನು ಹಿಂದೆ ತಿರುಗಿಸಿ ನೋಡಿದ. ಆಗಲೂ ಜೋರಾಗುತ್ತಲೇ ಇತ್ತು. ಅಂದರೆ ಹಿಂಡೂ ಇವರ ಕಡೆಗೇ ಬರುತ್ತಿದೆ. ಕಾದ ಎಣ್ಣೆಯ ಸದ್ದು ಎಲ್ಲಿ, ಒಂದೇ ಒಂದು ದನಿ ಯಾಕೆ ಎಂಬ ಪ್ರಶ್ನೆ ಅವನ ತಲೆಯಲ್ಲಿ ಒಮ್ಮೆ ಇಣುಕಿತು. ಹಿಂಡಿನ ಯಜಮಾನ ಮೀನು ಎಲ್ಲರ ಪರವಾಗಿ ಮಾತಾಡುತ್ತಿರಬೇಕು ಎಂದು ಅದಕ್ಕೆ ಸಮಾಧಾನ ಹೇಳಿ ಕಳಿಸಿದ. ದನಿಯೇ ಇಷ್ಟಿದ್ದರೆ ಹಿಂಡು ಎಷ್ಟಿರಬೇಕು.

"ದೊಡ್ಡದು," ಎಂದ ಮೇಲೆ ಬಂದು. "ಇಷ್ಟು ದೊಡ್ಡದು ಅಯಾಹ್ ಕೂಡ ಕೇಳಿರ್ಲಿಕ್ಕಿಲ್ಲ." ಮಾವನನ್ನು ಅವನು ಅಯಾಹ್, ಅಂದರೆ ಅಪ್ಪ, ಎಂದೇ ಕರೆಯುತ್ತಿದ್ದ.

ಅಷ್ಟರಲ್ಲಿ ಬಲೆಯ ಹತ್ತಿರ ಕೂತಿದ್ದವನೊಬ್ಬ ಕೈ ಎತ್ತಿ ತೋರಿಸಿದ. ಲೂದಿನ್‌ನ ಹಸಿರು ದೋಣಿ ನೇರವಾಗಿ ಇವರತ್ತಲೇ ಬರುತ್ತಿತ್ತು. ಸ್ವಲ್ಪ ದೂರದಲ್ಲಿ ಎಂಜಿನ್ ನಿಲ್ಲಿಸಿತು, ಮತ್ತೆ ಹೊರಟಿತು, ಇನ್ನಷ್ಟು ಹತ್ತಿರ ಬಂದು ಮತ್ತೆ ನಿಲ್ಲಿಸಿತು. ಸೆಮಾಯಿಲ್‌ಗೆ ಉಳಿದಿದ್ದ ಅಷ್ಟಿಷ್ಟು ಅನುಮಾನವೂ ಹೋಯಿತು. ಲೂದಿನ್‌ನಂಥವನೇ ಅಷ್ಟು ದೂರದಿಂದ ಹುಡುಕಿಕೊಂಡು ಬರುತ್ತಿದ್ದಾನೆ ಎಂದರೆ ಮೀನು ಇಲ್ಲೇ ಇದೆ. ಹಸಿರು ದೋಣಿಯವರೂ ಇವರನ್ನು ನೋಡಿ ಅದನ್ನೇ ಅಂದುಕೊಂಡರು ಎಂಬುದು ನಮಗೆ ಆಮೇಲೆ ತಿಳಿಯಿತು.

"ಎಲ್ಲಿ ಬೀಸಲಿ?" ಎಂದು ಕೇಳಿದ ಸೆಮಾಯಿಲ್.

ಜುಸೋ ಕೊನೆಯ ಸಲ ಮುಳುಗಿ ಕರೆದ. ಉತ್ತರ ಕಿವಿಗೇ ಬಾಯಿಟ್ಟು ಹೇಳಿದಷ್ಟು ಹತ್ತಿರದಿಂದ ಬಂತು. ಎದ್ದವನೇ ಎರಡು ದೋಣಿಗಳ ನಡುವಿನ ನೀರನ್ನು ತೋರಿಸಿದ. ಅದೇ ಗಳಿಗೆಯಲ್ಲಿ ಹಸಿರು ದೋಣಿಯ ಪಕ್ಕದಿಂದ ಲೂದಿನ್‌ನ ಕೈಯೂ ಅದೇ ನೀರನ್ನು ತೋರಿಸುತ್ತಿತ್ತು.

ಎರಡು ಎಂಜಿನ್‌ಗಳು ಒಟ್ಟಿಗೆ ಶುರುವಾದವು. ಸೆಮಾಯಿಲ್ ಬಲದಿಂದ ಸುತ್ತು ಹಾಕಿದ, ಅವರು ಎಡದಿಂದ ಹಾಕಿದರು. ಬಲೆಗಳು ಎರಡೂ ಕಡೆಯಿಂದ ಸರಸರನೆ ನೀರಿಗಿಳಿದವು. ಯಾರೂ ಮಾತಾಡಲಿಲ್ಲ, ಮೀನು ಹೆದರಿದರೆ ಎಂಬ ಭಯ. ಎರಡು ಸುತ್ತುಗಳೂ ಒಂದಕ್ಕೊಂದು ಅಡ್ಡ ಬಂದು, ಒಂದು ಬಲೆ ಇನ್ನೊಂದನ್ನು ಅಪ್ಪಿಕೊಂಡು, ಎರಡೂ ಸೇರಿ ಇವರ ಎಂಜಿನ್ನಿನ ತಿರುಗುವ ರೆಕ್ಕೆಗೆ ಸುತ್ತಿಕೊಂಡು, ಎಂಜಿನ್ ಒಂದು ಸಲ ಬಿಕ್ಕಿ ಸುಮ್ಮನಾಯಿತು. ಹಸಿರು ದೋಣಿಯ ಎಂಜಿನ್ನೂ ಅದರ ಹಿಂದೆಯೇ ಸುಮ್ಮನಾಯಿತು. ಆಗ ಎರಡು ದೋಣಿಯವರೂ ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಬಾಯನ್ನು ಬಿಟ್ಟರು. ನಮ್ಮ ಮೀನು ಕದಿಯಲು ಬಂದಿರಿ ಎಂದು ಇವರು, ಮೊದಲು ಕೇಳಿದವರು ನಾವು ಎಂದು ಅವರು. ಸತ್ತವರ ಹೆಸರುಗಳೂ ಮಧ್ಯೆ ಬಂದುಹೋದವು.

ರೆಕ್ಕೆ ಬಿಡಿಸಲು ಯಾರಾದರೂ ಮುಳುಗಬೇಕು. ಮುಳುಗುವವನು ಜುಸೋ. ಚಾಕು ಕಚ್ಚಿಕೊಂಡು ಇಳಿದ. ಬಲೆಯ ಗಂಟು ದೊಡ್ಡ ಬೆಟ್ಟದ ಹಾಗೆ ನೀರಿನಲ್ಲಿ ತೂಗುತ್ತಿತ್ತು. ಅದರೊಳಗೆ ಒಂದು ಮೀನೂ ಇರಲಿಲ್ಲ. ಇಷ್ಟು ದೊಡ್ಡ ಹಿಂಡು ಎಲ್ಲಿ ಹೋಯಿತು ಎಂದು ಅವನ ಎದೆ ಒಡೆಯಿತು. ಗಂಟಿನ ಆಚೆ ಬದಿಯಲ್ಲಿ ಏನೋ ಅಲುಗಿತು. ಜುಸೋ ಸರಿದು ನೋಡಿದ. ಅಲ್ಲಿ ಲೂದಿನ್, ಅವನೂ ಚಾಕು ಹಿಡಿದವನು, ಬಲೆ ಕುಯ್ಯುವುದನ್ನು ಬಿಟ್ಟು ಕಣ್ಣು ಮುಚ್ಚಿ ನೀರಿನಲ್ಲಿ ನೆಟ್ಟಗೆ ನಿಂತಿದ್ದ. ಅವನ ಕೆನ್ನೆ ಉಬ್ಬಿತು, ಗಂಟಲ ಗುಬಟು ಮೇಲೆ ಹೋಗಿ ಕೆಳಗೆ ಬಂತು. ಅವನಿಂದ ಹೊರಟ ಸದ್ದು ಜುಸೋನ ಎಡಗಿವಿಗೆ ಬಡಿಯಿತು: ಗೊರ್.

ಅಷ್ಟು ಹೊತ್ತಿನಿಂದ ಆದ ಅಭ್ಯಾಸ. ಜುಸೋನ ಗಂಟಲು ಅವನನ್ನು ಕೇಳದೆಯೇ ಉತ್ತರ ಕೊಟ್ಟಿತು: ಗೊರ್.

ಲೂದಿನ್ ಕಣ್ಣು ತೆರೆದ.

ಇಬ್ಬರೂ ನೀರು ಕುಡಿದು ಒಟ್ಟಿಗೆ ಮೇಲೆ ಬಂದರು. ಬಲೆಯ ಗಂಟಿನ ಮರೆಯಲ್ಲಿ, ದೋಣಿಯವರ ಜಗಳದ ಕೆಳಗೆ, ಎರಡು ತಲೆಗಳು ಒಂದನ್ನೊಂದು ನೋಡಿದವು.

"ನೀನಾ?" ಎಂದ ಲೂದಿನ್.

"ನೀನಾ?" ಎಂದ ಜುಸೋ.

ಇಬ್ಬರೂ ಸ್ವಲ್ಪ ಹೊತ್ತು ಕೆಮ್ಮಿದರು. ಲೂದಿನ್‌ನ ಕಿವಿಗಳು ಕೆಂಪಗಾಗಿದ್ದವು; ಅವನಿಗೆ ಎರಡೂ ಸರಿಯಿದ್ದವು, ಅವನ ಪಾಡು ಇನ್ನೂ ನಾಚಿಕೆಗೇಡು. ತನ್ನ ದೋಣಿಯ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, ಅದು ಗೆಲಾಮಾ ಎಂದೇ ಅಂದುಕೊಂಡೆ ಎಂದ. ಜುಸೋ ತಾನೂ ಹಾಗೇ ಅಂದುಕೊಂಡೆ ಎಂದ. ಆಮೇಲೆ ಲೂದಿನ್ ಕೇಳಬೇಕಾದ್ದನ್ನು ಕೇಳಿದ.

"ಯಾರಿಗಾದ್ರೂ ಹೇಳ್ತೀಯಾ?"

"ಹೇಳಿದ್ರೆ ಊರಲ್ಲಿ ಇರೋಕಾಗುತ್ತಾ? ನಾವು ಸತ್ತಮೇಲೂ ಗೋರಿ ಮುಂದೆ ನಿಂತು ಗೊರ್ ಅಂತಾರೆ."

"ಹಾಗಾದ್ರೆ ಮೀನು ತಪ್ಪಿಸಿಕೊಳ್ತು."

"ತಪ್ಪಿಸಿಕೊಳ್ತು," ಎಂದು ಜುಸೋ ಒಪ್ಪಿದ.

ಒಪ್ಪಂದ ಮುಗಿಸಿ ಇಬ್ಬರೂ ಮತ್ತೆ ಮುಳುಗಿದರು. ಈ ಸಲ ರೆಕ್ಕೆಯ ಅಡಿಗೇ ಹೋಗಬೇಕಾಗಿ ಜುಸೋ ಆಳಕ್ಕಿಳಿದ. ಕಿವಿಯ ಮೇಲೆ ನೀರಿನ ಭಾರ ಏರಿತು, ಮೂಗು ಹಿಡಿದು ಉಸಿರು ಒತ್ತಿದ, ಟಪ್ಪೆಂದು ಒಳಗಿನ ಬಾಗಿಲು ತೆರೆಯಿತು. ಕಿವಿಯಿಂದ ಜಾರಿದ ಬೆಳ್ಳುಳ್ಳಿಯ ಒಂದು ಚೂರು ಅವನ ಮುಖದ ಮುಂದೆಯೇ ತೇಲಿಹೋಯಿತು. ಎರಡು ಕಿವಿಯ ಪ್ರಪಂಚ ಮರಳಿ ಬಂತು. ಅವನು ಗಂಟಲನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದ. ಆಚೆ ಲೂದಿನ್ ಕೂಡ ಮುಚ್ಚಿಕೊಂಡಿದ್ದ. ಆ ಮೊದಲ ಗೊರ್ ಆದಮೇಲೆ ಇದೇ ಮೊದಲ ಸಲ ಆ ನೀರಿನಲ್ಲಿ ಯಾವ ಮನುಷ್ಯನೂ ಮಾತಾಡುತ್ತಿರಲಿಲ್ಲ.

ಆಗ ಅದು ಕೇಳಿತು.

ಮೊದಲು ದೂರದಲ್ಲಿ, ಯಾರೋ ಒಲೆಯ ಮೇಲೆ ಬಾಣಲೆ ಇಟ್ಟ ಹಾಗೆ. ಆಮೇಲೆ ಎಣ್ಣೆ ಕಾದಿತು. ಆಮೇಲೆ ಸಾವಿರ ಕರಟಗಳನ್ನು ಸಾವಿರ ಬೆರಳುಗಳು ತಟ್ಟುತ್ತ, ಇದ್ದೀಯಾ, ಇದ್ದೀನಿ, ಇದ್ದೀಯಾ, ಇದ್ದೀನಿ ಎನ್ನುತ್ತ, ಈಶಾನ್ಯದಿಂದ ನೇರವಾಗಿ, ಅವನ ಪಕ್ಕೆಲುಬುಗಳು ನಡುಗುವಷ್ಟು ಹತ್ತಿರ ಬಂತು. ದಿಕ್ಕಿನ ಬಗ್ಗೆ ಅವನಿಗೆ ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ. ಇಷ್ಟು ವರ್ಷ ಮಾವ ಹೇಳುತ್ತಿದ್ದದ್ದು ಇದು. ತಾನು ಕೇಳಿದ್ದೇನೆ ಎಂದು ಭ್ರಮಿಸಿದ್ದದ್ದು, ಇದುವರೆಗೆ ಕೇಳಿಯೇ ಇರದದ್ದು. ಜುಸೋ ನೀರಿನೊಳಗೇ ಅತ್ತ, ಅದು ಯಾರಿಗೂ ಕಾಣುವಂತಿರಲಿಲ್ಲ.

ಮೇಲೆ ಬಂದವನು ಸೆಮಾಯಿಲ್‌ನ ಕಾಲು ಹಿಡಿದ. ಹಿಂಡು ಬಂದಿದೆ, ಅಡಿಯಲ್ಲೇ ಇದೆ, ಈಶಾನ್ಯದಿಂದ ಬರುತ್ತಿದೆ, ಬಲೆ ಬೀಸಿ ಎಂದ. ಹಸಿರು ದೋಣಿಯ ಅಂಚಿನಲ್ಲಿ ಲೂದಿನ್ ಅದನ್ನೇ ಗೋಗರೆಯುತ್ತಿದ್ದ. ಸೆಮಾಯಿಲ್ ಒಮ್ಮೆ ಅವನ ಮುಖ ನೋಡಿದ, ಒಮ್ಮೆ ಬೆಟ್ಟದಂತೆ ತೂಗುತ್ತಿದ್ದ ಬಲೆಯ ಗಂಟನ್ನು ನೋಡಿದ.

"ಯಾವ ಬಲೆ?" ಎಂದ.

ಬಲೆ ಇದ್ದಿದ್ದರೂ ಬೀಸುತ್ತಿರಲಿಲ್ಲ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು. ಗೆಲಾಮಾಗಳು ಎರಡು ದೋಣಿಗಳ ಅಡಿಯಿಂದ, ಆತುರವಿಲ್ಲದೆ, ತಮ್ಮ ಎರಡು ಮಾತುಗಳನ್ನು ಆಡಿಕೊಳ್ಳುತ್ತ ಹಾದುಹೋದವು. ದೋಣಿಯಲ್ಲಿದ್ದ ಯಾರಿಗೂ ಅದು ತಿಳಿಯಲಿಲ್ಲ. ಹಗ್ಗ ಹಿಡಿದು ನೀರಿನಲ್ಲಿ ತೂಗುತ್ತಿದ್ದ ಇಬ್ಬರು ಮಾತ್ರ ಕೊನೆಯ ಮೀನಿನವರೆಗೂ ಕೇಳಿದರು.

ಬೇರೆ ದೋಣಿಯೊಂದು ಬಂದು ಎರಡು ದೋಣಿಗಳನ್ನೂ ಎಳೆದುಕೊಂಡು ದಡ ಸೇರಿಸುವಾಗ ಮಧ್ಯಾಹ್ನ ಕಳೆದಿತ್ತು. ಜೆಟ್ಟಿಯ ಮೇಲೆ ಊರು ನೆರೆದಿತ್ತು. ಡೆರಾಮನ್ ಹಲಗೆಯೊಂದರ ಮೇಲೆ ಮಂಡಿ ಚಾಚಿಕೊಂಡು ಕೂತಿದ್ದ. ಅಕ್ಕತಂಗಿಯರು ಖಾಲಿ ದೋಣಿಗಳನ್ನೂ ಬಲೆಯ ಬೆಟ್ಟವನ್ನೂ ನೋಡಿದರು. ಮೀನು ತಪ್ಪಿಸಿಕೊಂಡ ಕತೆಯನ್ನು ಜುಸೋ ಒಂದು ಕಡೆಯಿಂದ, ಲೂದಿನ್ ಇನ್ನೊಂದು ಕಡೆಯಿಂದ ಹೇಳಿದರು. ಇಬ್ಬರ ಮಾತೂ ಅಕ್ಷರ ಬಿಡದೆ ಹೊಂದಿಕೆಯಾದದ್ದು ಮಾಕ್ ಸು ಬಿದಾಳಿಗೆ ಹಿಡಿಸಲಿಲ್ಲ. ಅವಳು ಏಜೆಂಟ್‌ನ ಕಡೆ ತಿರುಗಿದಳು.

ಏಜೆಂಟ್ ಇಸ್ತ್ರಿ ಮಾಡಿದ ಅಂಗಿಯ ಸಭ್ಯ ಮನುಷ್ಯ. ಎರಡು ಯಂತ್ರ ತಂದಿದ್ದ, ಅಕ್ಕನಿಗೊಂದು ತಂಗಿಗೊಂದು. ಇದು ಹೇಗೆ ಕೆಲಸ ಮಾಡುತ್ತದೆ ಎಂದು ಚಿಕ್ಗು ಹರುನ್ ಊರಿನ ಪರವಾಗಿ ಕೇಳಿದರು.

"ಸುಲಭ, ಚಿಕ್ಗು. ಇದು ನೀರೊಳಗೆ ಒಂದು ಸದ್ದು ಮಾಡುತ್ತೆ. ಆಮೇಲೆ ಉತ್ತರ ಬರುತ್ತಾ ಅಂತ ಕಾಯುತ್ತೆ. ಉತ್ತರ ಬಂತು ಅಂದ್ರೆ ಮೀನಿದೆ ಅಂತ."

ಜುಸೋ ಮತ್ತು ಲೂದಿನ್ ಒಂದೇ ಸಲಕ್ಕೆ ತಲೆ ಎತ್ತಿದರು.

"ಮೊದಲು ತಾನೇ ಕೂಗುತ್ತಾ?" ಎಂದ ಜುಸೋ.

"ಹೌದು."

"ಉತ್ತರ ಕೊಟ್ಟಿದ್ದು ಯಾರು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ಏಜೆಂಟ್ ನಕ್ಕ. ನೀರೊಳಗೆ ಮೀನಲ್ಲದೆ ಇನ್ಯಾರು ಉತ್ತರ ಕೊಡುತ್ತಾರೆ ಎಂದು ಕೇಳಿದ. ಊರೆಲ್ಲ ನಕ್ಕಿತು. ಆಮೇಲೆ ಅವನು ಒಂದು ಯಂತ್ರವನ್ನು ಜೆಟ್ಟಿಯ ಈ ಕಡೆ ಕಟ್ಟಿದ್ದ ನಮ್ಮ ದೋಣಿಯಿಂದ, ಇನ್ನೊಂದನ್ನು ಆ ಕಡೆಯ ಹಸಿರು ದೋಣಿಯಿಂದ ನೀರಿಗಿಳಿಸಿ, ಎರಡನ್ನೂ ಒಟ್ಟಿಗೆ ಚಾಲೂ ಮಾಡಿದ. ನಮ್ಮ ಜೆಟ್ಟಿಯ ನೀರು ಸೊಂಟದವರೆಗೆ ಬರುತ್ತದೆ. ಅಲ್ಲಿ ಬಟ್ಟೆ ಒಗೆಯುತ್ತಾರೆ. ಈ ಯಂತ್ರ ಕಣ್ಣು ಮಿಟುಕಿಸಿತು, ಆ ಯಂತ್ರವೂ ಮಿಟುಕಿಸಿತು. ಎರಡರ ಪರದೆಯ ಮೇಲೂ ಈ ತುದಿಯಿಂದ ಆ ತುದಿಯವರೆಗೆ ದಟ್ಟವಾಗಿ, ಕಪ್ಪಾಗಿ ಹಿಂಡು ತುಂಬಿಕೊಂಡಿತು. ಜನ ಹೋ ಎಂದರು. ಏಜೆಂಟ್‌ನ ಮುಖದಲ್ಲಿ ಸ್ವಲ್ಪ ಆಶ್ಚರ್ಯ ಕಂಡಿತು, ಆದರೆ ಅವನು ಅದನ್ನು ಬೇಗ ಒರೆಸಿಕೊಂಡ.

ಮಾಕ್ ಲೊಂಗ್ ಲಿಮಾ ತನಗೆ ಬೇಕು ಎಂದಳು. ಅವಳ ಮಾತು ಮುಗಿಯುವುದರೊಳಗೆ ಮಾಕ್ ಸು ಬಿದಾಳೂ ಬೇಕು ಎಂದಳು.

ಜುಸೋ ಬಾಯಿ ತೆರೆದ. ಆ ಎರಡು ಯಂತ್ರಗಳು ಏನು ಮಾಡುತ್ತಿವೆ ಎಂಬುದು ಆ ಜೆಟ್ಟಿಯ ಮೇಲೆ ಅವನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರೇ ಇದ್ದರು. ಆ ಇನ್ನೊಬ್ಬ ಆಚೆ ಬದಿಯಲ್ಲಿ ನಿಂತು, ಬೇಡ ಎಂಬಂತೆ ಬಹಳ ಮೆಲ್ಲಗೆ ತಲೆಯಾಡಿಸುತ್ತಿದ್ದ. ನಿನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಜುಸೋ ಬಾಯಿ ಮುಚ್ಚಿಕೊಂಡ.

ಅವನು ಹೋಗಿ ಮಾವನ ಪಕ್ಕ ಕೂತು, ತಲೆವಸ್ತ್ರವನ್ನು ಮಡಿಸಿ ಹಲಗೆಯ ಮೇಲಿಟ್ಟ. ಡೆರಾಮನ್ ಅದನ್ನು ಮುಟ್ಟಲಿಲ್ಲ. ಬಲೆಯ ಬೆಟ್ಟವನ್ನು, ಆಮೇಲೆ ಲೂದಿನ್‌ನನ್ನು, ಆಮೇಲೆ ಅಳಿಯನನ್ನು ನಿಧಾನವಾಗಿ ನೋಡಿದ.

"ಕರೆದ್ಯಾ?" 

ಜುಸೋ ತಲೆ ತಗ್ಗಿಸಿದ. "ಕರೆದೆ, ಅಯಾಹ್."

"ಲೂದಿನ್‌ನ ಅಪ್ಪನ ಗಂಟಲು ಇವನಿಗಿಂತ ಚೆನ್ನಾಗಿತ್ತು," ಎಂದ ಮುದುಕ ಕಡಲಿನ ಕಡೆ ನೋಡುತ್ತ. "ಎರಡು ದಿನ ಮಾತಾಡಿದ್ವಿ." ಆಮೇಲೆ ಅವನಿಗೆ ಮೇಕೆಗಳ ನೆನಪಾಗಿ ಏಳಲು ಹೊರಟ. ಆ ನಿಯಮ ಎಲ್ಲಿಂದ ಬಂದಿತ್ತು ಎಂಬುದು ಜುಸೋಗೆ ಒಂಬತ್ತು ವರ್ಷದ ಮೇಲೆ ಗೊತ್ತಾಯಿತು. ಅವನು ಮಾವನ ತೋಳು ಹಿಡಿದು ಎಬ್ಬಿಸುತ್ತ, ಆಮೇಲೆ ನಿಜವಾದದ್ದನ್ನೂ ಕೇಳಿದೆ ಎಂದ, ಈಶಾನ್ಯದಿಂದ ಬಂತು ಎಂದ. ಮುದುಕ ಅವನ ಕಣ್ಣನ್ನೇ ನೋಡಿ, ನಂಬಿದೆ ಎಂಬಂತೆ ಅವನ ಕೈ ಒತ್ತಿದ. ನಂಬಿದವನು ಅವನೊಬ್ಬನೇ, ಅವನಿಗೆ ದೋಣಿ ಇರಲಿಲ್ಲ.

ಅಷ್ಟರಲ್ಲಿ ಮಾಕ್ ಸು ಬಿದಾ ಬಂದು ಎದುರು ನಿಂತಳು.

"ಬೆಳಿಗ್ಗೆಯೇ ಗೊತ್ತಿತ್ತು ನಿನ್ನ ಕಿವಿ ಕತೆ. ಆಣೆ ಮಾಡಿದ ಮೂವರೂ ಬಂದು ಹೇಳಿದ್ರು," ಎಂದಳು. "ನಿನ್ನನ್ನ ಬೀದಿಗೆ ಬಿಡೋಕೆ ಮನಸ್ಸಿಲ್ಲ. ಈ ಯಂತ್ರಕ್ಕೆ ಕಿವಿ ಬೇಡವಂತೆ. ಪರದೆ ನೋಡ್ತಾ ಕೂರೋಕೆ ಒಬ್ಬ ಬೇಕಂತೆ. ನಾಳೆಯಿಂದ ನೀನು ಕೂರು. ಲೂದಿನ್‌ನನ್ನ ಅಕ್ಕ ಕೂರಿಸ್ತಾಳಂತೆ. ಕಣ್ಣು ಚೆನ್ನಾಗಿದ್ರೆ ಸಾಕು."

ಕಣ್ಣು ಚೆನ್ನಾಗಿದ್ದರೆ ಸಾಕು ಎಂಬ ಮಾತು ಜೆಟ್ಟಿಯ ಮೇಲಿದ್ದ ಎಲ್ಲರಿಗೂ ಕೇಳಿತು. ಮೂನಾ ಮುಂದೆ ಬಂದು, ಉಪ್ಪುನೀರು ಮತ್ತು ಬೆಳಗಿನ ಹೊಗೆಯಿಂದ ಕೆಂಪಗಾಗಿದ್ದ ಗಂಡನ ಕಣ್ಣುಗಳನ್ನು ಗಲ್ಲ ಹಿಡಿದೆತ್ತಿ ನೋಡಿದಳು. ನಾಳೆ ದೊಡ್ಡ ದಿನ, ಹೀಗೆ ಬಿಟ್ಟರೆ ಆಗುವುದಿಲ್ಲ ಎಂದಳು. ಚಿಕ್ಗು ಹರುನ್ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದರು. ಪಾಕ್ ಮುದ ತಂಬಾಕಿನ ಎಲೆ ಹುಡುಕತೊಡಗಿದ. ಮಾಕ್ ಯಾ ಮಾತ್ರ ಯಾರನ್ನೂ ಕೇಳದೆ, ನಿಂಬೆಹಣ್ಣು ತರಲು ಆಗಲೇ ಮನೆಯ ಕಡೆ ಹೊರಟಿದ್ದಳು.